ಎರಡನೇ ಕುರ್ಚಿ

ಬಡಗಿ ತನ್ನ ಮನೆಯ ಮುಂಬಾಗಿಲನ್ನು ಕೀಲಿನಿಂದ ಬಿಚ್ಚುತ್ತಿದ್ದ. ಮೇಲಿನ ಸ್ಕ್ರೂಗಳು ಬಂದಿದ್ದವು, ಕೆಳಗಿನದು ತುಕ್ಕು ಹಿಡಿದು ಹಟಕ್ಕೆ ಬಿದ್ದಿತ್ತು. ಅದರ ತಲೆಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಮಂಡಿಯೂರಿ, ಹಲ್ಲು ಕಚ್ಚಿ ತಿರುಗಿಸುತ್ತಿದ್ದಾಗ ಒಳಗಿನಿಂದ ಮಗಳು ಬಂದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಅಪ್ಪಾ, ಇವತ್ತೊಂದು ದಿನ ಕೈಯಲ್ಲಿ ಏನೂ ಹಿಡೀಬೇಡ. ಗಾಡಿಯವರು ಬರ್ತಾರೆ, ಅವರೇ ನೋಡ್ಕೋತಾರೆ."

"ನೋಡ್ಕೋತಾರೆ, ಚೌಕಟ್ಟು ಕಿತ್ತು ಕೈಗೆ ಕೊಡ್ತಾರೆ. ಈ ಕಪಾಟು ಅಡ್ಡ ಇದೆ, ಬಾಗಿಲು ಪೂರ್ತಿ ತೆರೆಯಲ್ಲ. ಓರೆ ಮಾಡಿ ಎತ್ಕೊಂಡು ಹೋಗ್ಬೇಕಾಗುತ್ತೆ. ನಿಮ್ಮಮ್ಮ ಯಾವತ್ತಾದ್ರೂ ಓರೆಯಾಗಿ ನಡೆದಿದ್ದಾಳಾ? ನೆಟ್ಟಗೆ ಬಂದೋಳು, ನೆಟ್ಟಗೇ ಹೋಗ್ಲಿ."

ಕಪಾಟು ಮಾಡಿದವನೂ ಅವನೇ, ಬಾಗಿಲು ಮಾಡಿದವನೂ ಅವನೇ. ಒಂದಕ್ಕೊಂದು ತಾಗುತ್ತವೆಂದು ಇಷ್ಟು ವರ್ಷ ಹೆಂಡತಿಯಿಂದ ಮೂದಲಿಸಿಕೊಂಡವನೂ ಅವನೇ. ಮೊದಲು ಅದು ಒಂಟಿ ಕಪಾಟಾಗಿತ್ತು. ಅವಳ ಪುಸ್ತಕ ಬೆಳೆದಂತೆಲ್ಲ ಪಕ್ಕಕ್ಕೊಂದು, ಅದರ ಪಕ್ಕಕ್ಕೊಂದು ಸೇರಿಸುತ್ತ ಹೋಗಿ, ಕಡೆಗೆ ಅದು ಬಾಗಿಲ ಹಿಂದಕ್ಕೇ ಬಂದು ನಿಂತಿತು. ಆ ಮನೆಯ ಯಜಮಾನ ಬಡಗಿಯೋ ಪುಸ್ತಕವೋ ಎಂದು ಯಾರಾದರೂ ಕೇಳಿದ್ದರೆ ಮುಕ್ಕಾಲು ತೆರೆಯುವ ಬಾಗಿಲೇ ಸಾಕ್ಷಿ ಹೇಳುತ್ತಿತ್ತು.

ಅವಳು ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತ "ಯಾಕೋ ಎದೆ ಹಿಡಿದ ಹಾಗಿದೆ ರೀ" ಅಂದವಳು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹೋಗಿಬಿಟ್ಟಿದ್ದಳು. ದೂರದಲ್ಲಿದ್ದ ಮಗಳು ಬಂದು ಸೇರಲಿ ಎಂದು ಒಂದು ದಿನ ಕಾದರು. ಹಾಗಾಗಿ ಇವತ್ತು ಶನಿವಾರ ಬಂದಿತ್ತು. ಶನಿವಾರವೆಂದರೆ ಬಡಗಿಗೆ ಆಗದ ವಾರ.

ಸ್ಕ್ರೂ ಕಿರ್ರೆಂದು ಸಡಿಲಿತು. ಬಾಗಿಲನ್ನು ತಬ್ಬಿ ಎತ್ತಿ ಹೊರಗಿನ ಗೋಡೆಗೆ ಒರಗಿಸಿದ. ಬೆವರು ಒರೆಸಿಕೊಂಡು ಬೀದಿಯ ಕಡೆ ನೋಡಿದರೆ ಹೆಂಡತಿ ಪಾಠ ಮಾಡುತ್ತಿದ್ದ ಕಾಲೇಜಿನವರು ಗುಂಪಾಗಿ ಬರುತ್ತಿದ್ದರು. ಮುಂದಿದ್ದ ಇಬ್ಬರು ಹೆಗಲ ಮೇಲೆ ಒಂದೊಂದು ಬೆತ್ತದ ಕುರ್ಚಿ ಹೊತ್ತಿದ್ದರು. ಆ ಕುರ್ಚಿಗಳನ್ನು ಬಡಗಿ ಕಣ್ಣು ಕಟ್ಟಿಸಿಕೊಂಡು ಮುಟ್ಟಿದರೂ ಗುರುತು ಹಿಡಿಯುತ್ತಿದ್ದ. ಹಿಂದಿನಿಂದ ತೆಳ್ಳಗೆ, ಎತ್ತರಕ್ಕೆ, ಮಡಿಸಿದ ಕೊಡೆ ಊರಿಕೊಂಡು ಬರುತ್ತಿದ್ದವನನ್ನು ಗುರುತು ಹಿಡಿಯಲು ಮುಟ್ಟುವುದೂ ಬೇಕಿರಲಿಲ್ಲ.

ಬಂದ ನೋಡು, ಅಂದುಕೊಂಡ ಬಡಗಿ. ಎರಡನೇ ಕುರ್ಚಿ.

ಪ್ರತಿ ಶನಿವಾರ ಮಧ್ಯಾಹ್ನ ಕಾಲೇಜಿನ ಮೂಲೆ ಕೋಣೆಯಲ್ಲಿ ಒಂದು ಕೂಟ ಸೇರುತ್ತಿತ್ತು. ಬೋರ್ಡಿನ ಮೇಲೆ 'ತೌಲನಿಕ ಸಾಹಿತ್ಯ ಕೂಟ' ಎಂದು ಬರೆದಿದ್ದರೂ ಎಲ್ಲರ ಬಾಯಲ್ಲಿ ಅದು 'ಜೋಡಿ ಓದು'. ಎರಡು ಭಾಷೆಯ ಎರಡು ಕತೆ, ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಅವಳು ಕೂತು ಒಂದು ಕತೆ ಹೇಳುವುದು, ಇನ್ನೊಂದರಲ್ಲಿ ಈ ಕೊಡೆಯವನು ಕೂತು ಇನ್ನೊಂದು ಹೇಳುವುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ ಅಂತ ಕೂಟದವರೆಲ್ಲ ಸೇರಿ ಜಗಳವಾಡುವುದು. ನಿವೃತ್ತಿಯಾದ ಮೇಲೂ ಅವಳು ಶನಿವಾರ ತಪ್ಪಿಸಿದವಳಲ್ಲ. ಅವನನ್ನು ಕಾಲೇಜಿನಲ್ಲೆಲ್ಲ 'ಜೋಡಿ ಮೇಷ್ಟ್ರು' ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬಡಗಿಗೆ ಉಳಿ ಜಾರಿ ಹೆಬ್ಬೆರಳು ಕೊಯ್ದ ಹಾಗಾಗುತ್ತಿತ್ತು. ಮದುವೆಯಾದವನು ತಾನು, ಜೋಡಿ ಅನ್ನಿಸಿಕೊಂಡವನು ಇನ್ನೊಬ್ಬ.

ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಲೈಬ್ರರಿಯಮ್ಮ ಅನ್ನುವವಳು, ಮುಂದೆ ಬಂದು ಬಡಗಿಯ ಎರಡೂ ಕೈ ಹಿಡಿದುಕೊಂಡಳು.

"ಯಜಮಾನ್ರೇ, ಇವತ್ತು ಶನಿವಾರ. ನಮಗೆ ಆ ಕೋಣೆಯಲ್ಲಿ ಕೂರಕ್ಕಾಗ್ಲಿಲ್ಲ. ಅದಕ್ಕೇ ಕುರ್ಚಿಗಳನ್ನೂ ತಗೊಂಡು ಇಲ್ಲಿಗೇ ಬಂದ್ಬಿಟ್ವಿ. ಗಾಡಿ ಬರೋ ತನಕ ಮೇಡಂ ಹತ್ರ ಕೂತು ಒಂದೊಂದು ಮಾತು ಹೇಳ್ತೀವಿ. ಆಗಬಹುದಾ?"

ಆಗಲ್ಲ ಅನ್ನುವುದು ಹೇಗೆ? ಸಾವಿನ ಮನೆಯಲ್ಲಿ ಬಂದವರಿಗೆ ಬೇಡ ಅನ್ನುವ ನಾಲಿಗೆ ಯಾರಿಗಿದೆ? ಬಡಗಿ ತಲೆಯಾಡಿಸಿದ. ಅವರು ಮಂಚದ ತಲೆದಿಸೆಗೆ ಎರಡೂ ಕುರ್ಚಿ ಹಾಕಿದರು. ಅವಳದ್ದನ್ನು ಖಾಲಿ ಬಿಟ್ಟರು. ಅದರ ಪಕ್ಕದ್ದಕ್ಕೆ, "ಜೋಡಿ ಮೇಷ್ಟ್ರೇ, ಬನ್ನಿ, ನಿಮ್ಮ ಜಾಗ" ಎಂದು ಅವನನ್ನು ಕೂರಿಸಿದರು. ಕೂತ ಕೂಡಲೇ ಕುರ್ಚಿ ಟಕ್ಕೆಂದು ಒಂದು ಕಡೆಗೆ ವಾಲಿತು. ಅವನು ಯೋಚಿಸಲೂ ಇಲ್ಲ. ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಬಗ್ಗಿ, ಹಿಂದಿನ ಎಡಗಾಲಿನ ಕೆಳಗೆ ತುರುಕಿದ. ಆಮೇಲೆ ಮಲಗಿದ್ದವಳ ಮುಖ ನೋಡುತ್ತ ಕೂತ.

ಬಡಗಿ ಬಾಗಿಲ ಬಳಿಯ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತ. ಸ್ವಂತ ಮನೆ, ಸ್ವಂತ ಹೆಂಡತಿ, ತನಗೆ ಸಿಕ್ಕಿದ್ದು ಸ್ಟೂಲು.

*

ಅವಳು ಮೊದಲ ಸಲ ಅವನ ಅಂಗಡಿಗೆ ಬಂದದ್ದೂ ಪುಸ್ತಕದ ದೆಸೆಯಿಂದಲೇ. ಆಗ ಅವಳು ಕಾಲೇಜಿಗೆ ಹೊಸಬಳು, ಕಪಾಟು ಮಾಡಿಸಬೇಕಿತ್ತು.

"ಎಷ್ಟು ಪುಸ್ತಕ ಇವೆ?" ಎಂದು ಕೇಳಿದ್ದ.

"ಇರೋದು ಲೆಕ್ಕಕ್ಕಿಲ್ಲ. ಬರೋವನ್ನ ಲೆಕ್ಕ ಹಾಕಿ ಮಾಡಿ."

ಬಡಗಿ ಆ ಕಪಾಟನ್ನು ಬೇಕೆಂದೇ ನಿಧಾನ ಮಾಡಿದ. ಮರ ಒಣಗಿಲ್ಲ ಅಂದ, ಪಾಲಿಶ್ ಹಿಡೀತಿಲ್ಲ ಅಂದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ದಿನಾ ಬಂದು ಹಲಗೆಯ ರಾಶಿಯ ಮೇಲೆ ಕೂತು ಹರಟುತ್ತಿದ್ದಳು. ಕಪಾಟು ಮುಗಿಯುವುದಕ್ಕೂ ಅವರ ಮದುವೆ ಗೊತ್ತಾಗುವುದಕ್ಕೂ ಸರಿಹೋಯಿತು. 'ಮೇಡಂಗೆ ಬಡಗಿ ಗಂಡ' ಎಂದು ಜನ ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು ಎಂದು ಅವಳು ನಕ್ಕುಬಿಟ್ಟಳು. ಅವನು ನಕ್ಕ ಹಾಗೆ ಮಾಡಿದ.

ಜೋಡಿ ಓದು ಶುರುವಾದ ಹೊಸತರಲ್ಲಿ ಒಂದು ಸಲ ಅವಳು ಕರೆದಿದ್ದಳು. "ಈ ಶನಿವಾರ ಬನ್ನಿ ರೀ. ಹಿಂದಿನ ಸಾಲಲ್ಲಿ ಕೂತ್ಕೊಳಿ ಸಾಕು."

ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಮರದ ಪುಡಿ ಹೋಗುವ ತನಕ ಕೈ ಉಜ್ಜಿಕೊಂಡು ಹೋಗಿದ್ದ. ಬಾಗಿಲು ಮುಚ್ಚಿತ್ತು. ಕಾರಿಡಾರಿನ ಕಡೆಗಿದ್ದ ಕಿಟಕಿಯಲ್ಲಿ ಇಣುಕಿ ನೋಡಿದರೆ ಆ ಎರಡು ಕುರ್ಚಿ ಕಂಡವು. ಅವಳು ಏನೋ ಹೇಳುತ್ತಿದ್ದಳು. ಪಕ್ಕದವನು ಅವಳ ಕಡೆ ವಾಲಿ, ಅವಳ ಕುರ್ಚಿಯ ಕೈ ಮೇಲೆ ತನ್ನ ಕೈ ಊರಿ ನಗುತ್ತಿದ್ದ. ಇಡೀ ಕೋಣೆ ನಗುತ್ತಿತ್ತು. ಮನೆಯಲ್ಲಿ ಅವಳು ಅಷ್ಟು ಕೈ ಬೀಸಿ ಮಾತಾಡಿದ್ದನ್ನು ಅವನು ನೋಡಿರಲೇ ಇಲ್ಲ. ಕಿಟಕಿಯ ಸರಳು ಬಿಟ್ಟು, ಬಂದ ದಾರಿ ಹಿಡಿದ.

ಸಂಜೆ ಅವಳು, "ಬರ್ಲಿಲ್ವಾ?" ಅಂದಳು.

"ಕೆಲಸ ಇತ್ತು."

ಅವಳು ಗೂಟಕ್ಕೆ ನೇತುಹಾಕಿದ್ದ ಇಸ್ತ್ರಿಯ ಅಂಗಿಯ ಕಡೆ ನೋಡಿ "ಹೌದಾ" ಅಂದಳು, ಅಷ್ಟೇ. ಮತ್ತೆಂದೂ ಕರೆಯಲಿಲ್ಲ. ಒಂದು ಸಲ ಕರೆದು ಕೈ ತೊಳೆದುಕೊಂಡಳು ಎಂದು ಬಡಗಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

ಅದಾಗಿ ಕೆಲವು ವರ್ಷಕ್ಕೆ ಕುರ್ಚಿಗಳ ಬೆತ್ತ ಹರಿದು ರಿಪೇರಿಗೆ ಅವನ ಹತ್ತಿರವೇ ಬಂದವು. ಅವಳದ್ದನ್ನು ಹೊಸ ಮದುವಣಗಿತ್ತಿಯ ಹಾಗೆ ಸಿಂಗರಿಸಿದ. ಎರಡನೆಯದಕ್ಕೂ ಬೆತ್ತ ಹೆಣೆದ, ಪಾಲಿಶ್ ಹಚ್ಚಿದ, ಕೆಲಸದಲ್ಲಿ ಕಳ್ಳತನ ಮಾಡಿದವನಲ್ಲ. ಎಲ್ಲ ಮುಗಿದ ಮೇಲೆ ಅದನ್ನು ತಲೆಕೆಳಗು ಮಾಡಿ, ಹಿಂದಿನ ಎಡಗಾಲನ್ನು ಕೀಸುಳಿಯಿಂದ ಒಂದೇ ಒಂದು ಸಲ ಸವರಿದ. ಕಣ್ಣಿಗೆ ಕಾಣದಷ್ಟು. ಕೂತವನಿಗೆ ಮಾತ್ರ ಗೊತ್ತಾಗುವಷ್ಟು.

"ಹೋಗೋವಾಗ ನೆಟ್ಟಗಿದ್ದ ಕುರ್ಚಿ ಬರೋವಾಗ ಕುಂಟ್ತಾ ಬಂತಲ್ಲ ರೀ," ಎಂದು ಅವಳು ಮುಂದಿನ ವಾರ ಕೇಳಿದಳು.

"ನೆಲ ಡೊಂಕಿರ್ಬೇಕು."

ಅವಳು ಅವನ ಮುಖವನ್ನೇ ನೋಡಿ, ನಗು ತಡೆಯಲಾರದೆ ಒಳಗೆ ಹೋದಳು. ಜೋಡಿ ಮೇಷ್ಟ್ರ ಜೇಬಿನಲ್ಲಿ ಮಡಿಸಿದ ಕಾಗದ ಬಂದು ಸೇರಿದ್ದು ಆವಾಗಿನಿಂದ.

*

ಮಾತು ಶುರುವಾಗಿತ್ತು. ಎಂದೋ ಅವಳ ವಿದ್ಯಾರ್ಥಿನಿಯಾಗಿದ್ದ, ಈಗ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿದ್ದ ಹೆಂಗಸೊಬ್ಬಳು ಎದ್ದು ನಿಂತಿದ್ದಳು.

"ಮೇಡಂ ಕತೆ ಹೇಳಿ ಮುಗಿಸ್ತಿದ್ದ ಹಾಗೇ ಕಾಯ್ತಾ ಇದ್ವಿ. ಈಗ ಬರುತ್ತೆ, ಈಗ ಬರುತ್ತೆ ಅಂತ. ಆಮೇಲೆ ಕನ್ನಡಕ ಮೇಲೆ ಮಾಡ್ಕೊಂಡು ಕೇಳೋರು: 'ಇದಕ್ಕೆ ತಕರಾರಿನವರು ಏನಂತಾರೆ ಗೊತ್ತಾ?'"

ಕೂಟದವರೆಲ್ಲ ಅಳುವಿನ ನಡುವೆಯೇ ನಕ್ಕರು. ಬಡಗಿಯ ಕಿವಿ ನೆಟ್ಟಗಾಯಿತು.

"ಆ ತಕರಾರಿನವರು ಯಾರು ಅಂತ ನಾವು ತಲೆ ಕೆಡಿಸ್ಕೊಂಡಿದ್ದೇ ಬಂತು," ಎಂದಳು ಅವಳು. "ಯಾವ ಕತೆ ತಂದ್ರೂ ಅವರದೊಂದು ಆಕ್ಷೇಪಣೆ ಇದ್ದೇ ಇರೋದು. ನಾವು ಅವರ ಮೇಲೆ ಮುಗಿಬೀಳೋದು, ಮೇಡಂ ಅವರ ಪರ ನಿಲ್ಲೋದು."

"ಆ ಮಾತು ತೆಗೆದಾಗ ಮೇಡಂ ಮುಖ ನೋಡ್ಬೇಕಿತ್ತು," ಎಂದಳು ಲೈಬ್ರರಿಯಮ್ಮ. "ದೀಪ ಹಚ್ಚಿದ ಹಾಗೆ."

ಇದ್ದ ಒಬ್ಬನ ಮೇಲಿನ ಉರಿಯೇ ಆರಿರಲಿಲ್ಲ, ಈಗ ಇನ್ನೊಬ್ಬ ಹುಟ್ಟಿಕೊಂಡ. ಬಡಗಿ ಎದ್ದು ಟೀ ಲೋಟಗಳ ತಟ್ಟೆಯನ್ನು ಮಗಳ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು, ಕೊಡುತ್ತ ಕೊಡುತ್ತ ಲೈಬ್ರರಿಯಮ್ಮನ ಬಳಿಗೆ ಬಂದ.

"ಯಾರಮ್ಮಾ ಅದು? ತಕರಾರಿನವನು ಅಂತಿದ್ರಲ್ಲ."

"ಹೆಸರು ಹೇಳ್ತಾನೇ ಇರ್ಲಿಲ್ಲ ಯಜಮಾನ್ರೇ. ಎಲ್ಲೋ ಬೇರೆ ಕಾಲೇಜಿನ ದೊಡ್ಡ ಪ್ರೊಫೆಸರ್ ಇರ್ಬೇಕು ಅಂತ ನಮ್ಮ ಅಂದಾಜು. ನಿಮಗೂ ಹೇಳಿರ್ಲಿಲ್ವಾ?"

"ನನಗೆ ಯಾಕೆ ಹೇಳ್ತಾಳೆ?" ಎಂದ ಬಡಗಿ.

ಅವಳು ಹೋಗಿದ್ದ ಊರುಗಳೆಲ್ಲ ಒಂದೊಂದಾಗಿ ನೆನಪಾದವು. ವಿಚಾರ ಸಂಕಿರಣ ಅಂತ ರೈಲು ಹತ್ತುತ್ತಿದ್ದಳು. ವಾಪಸ್ ಬಂದಾಗ ಗೆಲುವಾಗಿರುತ್ತಿದ್ದಳು. ಯಾಕೆ ಗೆಲುವಾಗಿರುತ್ತಿದ್ದಳು? ಈಗ ಕೇಳುವ ಹಾಗಿಲ್ಲ. ಆ ಪ್ರೊಫೆಸರನಿಗೆ ಬಡಗಿ ಅಲ್ಲೇ ನಿಂತು ಬೆಳ್ಳಿ ಕೂದಲು ಕೊಟ್ಟ, ಕೋಟು ತೊಡಿಸಿದ, ಮೃದುವಾದ ಕೈ ಅಂಟಿಸಿದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ. ಹೆಂಡತಿ ಸತ್ತ ದುಃಖ ಒಂದು ಕಡೆ ಕೂತು ತನ್ನ ಸರದಿಗಾಗಿ ಕಾಯುತ್ತಿತ್ತು, ಹೊಟ್ಟೆಕಿಚ್ಚು ಅದಕ್ಕೆ ದಾರಿ ಬಿಡುತ್ತಿರಲಿಲ್ಲ. ಮಂಚದ ಮೇಲಿನವಳನ್ನು ನೋಡಿದ. ಅವಳ ತುಟಿಯ ಕೊನೆ ಚೂರು ಮೇಲಕ್ಕಿತ್ತು. ಕುರ್ಚಿಯ ಕಾಲಿನ ವಿಚಾರ ಕೇಳಿದ ದಿನವೂ ಅದು ಹೀಗೇ ಇತ್ತು.

"ಮಣ್ಣಿಗೆ ಹೋಗೋದ್ರೊಳಗೆ ನನಗೆ ಗೊತ್ತಾಗ್ಬೇಕು," ಎಂದು ಗೊಣಗಿದ. "ಆ ಮನಸ್ಸಲ್ಲಿ ನಾನು ಎಲ್ಲಿದ್ದೆ ಅಂತ."

*

ಹಾಗೆ ನೋಡಿದರೆ ಶುಕ್ರವಾರದ ಸಂಜೆಗಳು ಅವನವೇ ಆಗಿದ್ದವು.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಕೆಲಸ. ಶುಕ್ರವಾರ ಕಾಲೇಜಿನಿಂದ ಬಂದವಳು ಟೀ ಲೋಟ ಹಿಡಿದು ನೇರ ಅಲ್ಲಿಗೇ ಬರುತ್ತಿದ್ದಳು. ಹಲಗೆ ರಾಶಿಯ ಮೇಲೆ ಕೂತು, ಮಾರನೆಯ ದಿನದ ಎರಡೂ ಕತೆಗಳನ್ನು ಹೇಳುತ್ತಿದ್ದಳು. ಅವನು ತಲೆ ಎತ್ತದೆ ಕೀಸುತ್ತಿದ್ದ. ತನ್ನ ಕಿವಿಗೆ ಬಿದ್ದದ್ದು ನಾಳೆ ಎರಡನೇ ಕುರ್ಚಿಯ ಪಕ್ಕ ಕೂತು ಹೇಳುವ ಕತೆಯ ತಾಲೀಮು ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಊಟ, ನನಗೆ ಉಪ್ಪು ನೋಡುವ ಕೆಲಸ, ಎಂದು ಒಳಗೊಳಗೇ ಕುದಿಯುತ್ತಿದ್ದ. ಹಾಗಾಗಿ ಅವಳು "ಏನನ್ಸುತ್ತೆ ರೀ?" ಎಂದು ಕೇಳಿದಾಗ ಬಾಯಿಗೆ ಬಂದ ಕೊಂಕು ನುಡಿಯುತ್ತಿದ್ದ. ಕತೆಯಲ್ಲಿ ಚೆನ್ನಾಗಿ ಮಾತಾಡುವ ಗಂಡಸು ಯಾರೇ ಬರಲಿ, "ಅವನನ್ನ ನಂಬಬೇಡ" ಅನ್ನುತ್ತಿದ್ದ.

ಒಂದು ಸಲದ ಎರಡು ಕತೆ ಅವನಿಗೆ ಚೆನ್ನಾಗಿ ನೆನಪಿತ್ತು. ಒಂದು ಯಾವುದೋ ದ್ವೀಪದ್ದು. ಗಂಡ ಹಡಗು ಹತ್ತಿ ಹೋದವನು ಎಷ್ಟೋ ವರ್ಷ ಬರುವುದಿಲ್ಲ. ಹೆಂಡತಿ ಅವನ ಊಟದ ತಟ್ಟೆಯನ್ನು ದಿನಾ ತೊಳೆದು ಥಳಥಳ ಹೊಳೆಯುವಂತೆ ಇಟ್ಟಿರುತ್ತಾಳೆ. ಬಂದ ಗಂಡ ಹೊಳೆಯುವ ತಟ್ಟೆ ನೋಡಿ ಅತ್ತುಬಿಡುತ್ತಾನೆ. ಇನ್ನೊಂದು ಬೆಟ್ಟದ ಸೀಮೆಯದು. ಗಂಡ ಜೈಲಿನಿಂದ ಬರುತ್ತಾನೆ, ಅವನ ತಟ್ಟೆಯ ಮೇಲೆ ಬೆರಳು ದಪ್ಪ ಧೂಳು. ನನ್ನನ್ನು ಮರೆತಳು ಎಂದು ಬಂದ ಕಾಲಲ್ಲೇ ಹೊರಟುಹೋಗುತ್ತಾನೆ.

"ಏನನ್ಸುತ್ತೆ ರೀ? ಇಬ್ಬರಲ್ಲಿ ಯಾರು ಚೆನ್ನಾಗಿ ಕಾದ್ರು?"

"ಅದರಲ್ಲೇನು ಕೇಳೋದು?" ಎಂದಿದ್ದ ಬಡಗಿ, ಕೀಸುವುದನ್ನು ನಿಲ್ಲಿಸದೆ. "ಉಣ್ಣದ ತಟ್ಟೆನ ಯಾರಾದ್ರೂ ದಿನಾ ತೊಳೀತಾರಾ? ಅದರಲ್ಲಿ ಯಾರೋ ಉಂಡಿದ್ದಾರೆ. ಧೂಳಿನ ತಟ್ಟೆಯವಳೇ ನಿಯತ್ತಿನವಳು. ಆ ಪೆದ್ದ ಬಿಟ್ಟುಹೋದ."

ಅವಳು ಟೀ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. "ನಿಮ್ಮಂಥ ಅನುಮಾನದ ಪ್ರಾಣಿ ಇನ್ನೊಂದಿಲ್ಲ ರೀ." ಎದ್ದು, ಅವನ ತಲೆಗೂದಲಿನಲ್ಲಿ ಸಿಕ್ಕಿಕೊಂಡಿದ್ದ ಮರದ ಸಿಪ್ಪೆಯೊಂದನ್ನು ತೆಗೆದು ಹಾಕಿ ಹೋಗಿದ್ದಳು.

ನಿನ್ನೆ ಶುಕ್ರವಾರ ಶೆಡ್ಡಿನ ಬಾಗಿಲು ತೆರೆಯಲೇ ಇಲ್ಲ.

*

ಬಡಗಿ ಅಂಗಳಕ್ಕೆ ಬಂದ. ಒರಗಿಸಿದ್ದ ಬಾಗಿಲಿನ ಪಕ್ಕ ಜೋಡಿ ಮೇಷ್ಟ್ರು ಆಗಲೇ ಬಂದು ನಿಂತಿದ್ದ. ಗೇಟಿನ ಕಡೆ ಕಣ್ಣು ಕೀಲಿಸಿದ್ದ.

"ಅವರು ಬಂದ್ರೆ ನಿಮಗೆ ಗೊತ್ತಾಗುತ್ತಾ?" ಎಂದ, ತಿರುಗದೆ.

"ಯಾರು?"

"ಅದೇ, ತಕರಾರಿನ ಮಹಾಶಯರು. ಇವತ್ತಾದ್ರೂ ಬಂದೇ ಬರ್ತಾರೆ. ಮುಖ ನೋಡ್ಬೇಕು ಅಂತಾನೇ ನಾನು ಬೆಳಿಗ್ಗೆಯಿಂದ..." ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಮೇಡಂಗೋಸ್ಕರಾನೇ ಬಂದೆ. ಜೊತೆಗೆ ಇದೂ ಒಂದು."

ಬಡಗಿ ಅವನನ್ನು ಮೊದಲ ಸಲ ನೋಡುವವನಂತೆ ನೋಡಿದ. ಈ ಮುಖವನ್ನು ಎಲ್ಲೋ ನೋಡಿದ್ದೇನಲ್ಲ! ಹೌದು, ಕ್ಷೌರ ಮಾಡಿಕೊಳ್ಳುವಾಗ, ಸ್ವಂತ ಕನ್ನಡಿಯಲ್ಲಿ.

"ಇಷ್ಟು ವರ್ಷ ಪಕ್ಕದಲ್ಲಿ ಕೂತೆ ನಾನು," ಎಂದ ಜೋಡಿ ಮೇಷ್ಟ್ರು. "ಎಷ್ಟು ಓದಿ ಬರ್ತಿದ್ದೆ ಗೊತ್ತಾ? ಒಂದು ದಿನ ನನ್ನ ಮಾತಿಗೆ ಅವರ ಕಣ್ಣು ಹಾಗೆ ಹೊಳೀಲಿಲ್ಲ. ಆ ಮನುಷ್ಯನದು ಏನು ಓದು ಅಂತೀರಿ! ನಿರೀಕ್ಷೆಯ ಪ್ರತೀಕವನ್ನೇ ವಂಚನೆಯ ಪುರಾವೆಯಾಗಿ ಗ್ರಹಿಸೋ ಸಂಶಯಾತ್ಮಕ ವಾಚನ. ಅದು ತಪ್ಪು ಅಂತ ನಾನು ಮೂರು ವಾರ ಕೂತು ಸಾಬೀತು ಮಾಡಿದೆ. ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಮೇಡಂ ಒಪ್ಪಿದ್ರು ಕೂಡ. ಒಪ್ಪಿ, ಏನಂದ್ರು ಗೊತ್ತಾ? 'ತಪ್ಪಾದರೂ ಎಷ್ಟು ಚೆಂದ ಇದೆ ನೋಡಿ' ಅಂದ್ರು. ನನ್ನ ಸರಿಗಿಂತ ಅವನ ತಪ್ಪು ಅವರಿಗೆ ಹೆಚ್ಚಾಯ್ತು." ಕೊಡೆಯ ತುದಿಯಿಂದ ನೆಲ ಕುಟ್ಟಿದ. "ತಪ್ಪು ತಿಳೀಬೇಡಿ. ಸಾಹಿತ್ಯದ ಮಾತು ಇದು."

"ಇಲ್ಲ, ನಾನ್ಯಾಕೆ ತಿಳೀಲಿ," ಎಂದ ಬಡಗಿ. ವಂಚನೆ, ವಾಚನ ಯಾವುದೂ ಅವನಿಗೆ ಅರ್ಥವಾಗಲಿಲ್ಲ. ಹೊಗಳಿಕೆ ಮಾತ್ರ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಗೇಟು ಸದ್ದಾಯಿತು. ಬೆಳ್ಳಿ ಕೂದಲು, ಕಪ್ಪು ಕೋಟು, ಕೈಯಲ್ಲಿ ಬಿಳಿ ಹೂವಿನ ಗೊಂಚಲು. ಇಬ್ಬರೂ ಒಟ್ಟಿಗೇ ಮುನ್ನುಗ್ಗಿದರು. ಒಬ್ಬ ಹೂವು ಹಿಡಿದ, ಇನ್ನೊಬ್ಬ ಕೈ ಹಿಡಿದ.

"ಮೇಡಂನ ನೀವು ಹೇಗೆ ಬಲ್ಲಿರಿ?" ಎಂದ ಜೋಡಿ ಮೇಷ್ಟ್ರು.

"ಅವರ ಹಲ್ಲು ನಾನೇ ನೋಡ್ತಿದ್ದಿದ್ದು," ಎಂದ ಬಂದವನು, ಗಾಬರಿಯಾಗಿ. "ಕಳೆದ ತಿಂಗಳು ದವಡೆ ಹಲ್ಲಿಗೆ ಸಿಮೆಂಟು ತುಂಬಿದ್ದೆ."

ಇಬ್ಬರೂ ಕೈ ಬಿಟ್ಟರು.

ಒಳಗೆ ಹಳೆಯ ವಿದ್ಯಾರ್ಥಿನಿ ಇನ್ನೂ ಮಾತಾಡುತ್ತಿದ್ದಳು. ಬಡಗಿ ಬಾಗಿಲಿಲ್ಲದ ಚೌಕಟ್ಟಿಗೆ ಭುಜ ಕೊಟ್ಟು ನಿಂತ.

"...ನಾವೆಲ್ಲ ಹೊಳೆಯೋ ತಟ್ಟೆಯವಳ ಪರ. ಎಂಥಾ ಪ್ರೀತಿ ಅಂತ ಕಣ್ಣೀರು ಹಾಕ್ಕೊಂಡು ಕೂತಿದ್ದೀವಿ. ಮೇಡಂ ಅಂದ್ರು: 'ತಕರಾರಿನವರು ಏನಂತಾರೆ ಗೊತ್ತಾ? ಉಣ್ಣದ ತಟ್ಟೆನ ಯಾರಾದ್ರೂ ದಿನಾ ತೊಳೀತಾರಾ? ಅದರಲ್ಲಿ ಯಾರೋ ಉಂಡಿದ್ದಾರೆ!'"

ಕೋಣೆ ನಕ್ಕಿತು. ಬಡಗಿ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಕತೆ. ಇಷ್ಟು ಹೊತ್ತು ಯಾರ ಮೇಲೆ ಹಲ್ಲು ಮಸೆದನೋ, ಯಾರಿಗೆ ಕೋಟು ತೊಡಿಸಿದನೋ, ಅವನು ತಲೆಯಲ್ಲಿ ಮರದ ಸಿಪ್ಪೆ ಸಿಕ್ಕಿಸಿಕೊಂಡು ಶೆಡ್ಡಿನಲ್ಲಿ ಕೀಸುತ್ತಿದ್ದ. ಅವನು ನಂಬಬೇಡ ಅಂದ ಗಂಡಸರೆಲ್ಲ, ಹೊಟ್ಟೆಯುರಿಯಿಂದ ಆಡಿದ ಕೊಂಕುಗಳೆಲ್ಲ ಶನಿವಾರ ಆ ಕೋಣೆಗೆ ಹೋಗಿ ಕೂರುತ್ತಿದ್ದವು. ಮೂರು ವಾರ ಅವನ ಮಾತಿನ ಮೇಲೆ ಜಗಳವಾಗಿತ್ತು. ಅವಳು ಅವನ ಪರ ನಿಂತಿದ್ದಳು. ಬಡಗಿಗೆ ನಗು ಬಂತು, ಎದೆ ತುಂಬಿ ಬಂತು. ಅದರ ಬೆನ್ನಿಗೇ ಇನ್ನೊಂದು ಉರಿ ಎದ್ದಿತು.

ಹಾಗಾದರೆ ನನ್ನ ಗಂಡ ಅಂತ ಯಾಕೆ ಹೇಳಲಿಲ್ಲ? ಬಡಗಿಯ ಹೆಂಡತಿ ಅನ್ನಿಸಿಕೊಳ್ಳಲು ನಾಚಿಕೆಯಾಯಿತೇ? ಮಾತು ಬೇಕಿತ್ತು, ಮುಖ ಬೇಡವಾಗಿತ್ತೇ?

ಲೈಬ್ರರಿಯಮ್ಮ ಖಾಲಿ ಲೋಟಗಳನ್ನು ಆರಿಸಿಕೊಂಡು ಅವನ ಪಕ್ಕಕ್ಕೆ ಬಂದಿದ್ದಳು. ಅವನು ದನಿ ತಗ್ಗಿಸಿ ಕೇಳಿದ.

"ಅಷ್ಟು ದೊಡ್ಡ ಮನುಷ್ಯನಾಗಿದ್ರೆ ಕೂಟಕ್ಕೆ ಕರೀಬೇಕಿತ್ತಲ್ಲ. ಯಾಕೆ ಮುಚ್ಚಿಟ್ಕೊಂಡ್ಳು?"

"ಕೇಳಿದ್ವಲ್ಲ ಯಜಮಾನ್ರೇ! ನಾನೇ ಕೇಳಿದ್ದೆ. 'ಒಂದ್ಸಲ ಅವರನ್ನ ಕರ್ಕೊಂಡು ಬನ್ನಿ ಮೇಡಂ' ಅಂದೆ. 'ಒಂದ್ಸಲ ಕರೆದಿದ್ದೆ' ಅಂದ್ರು. 'ಕಿಟಕಿ ತನಕ ಬಂದು ವಾಪಸ್ ಹೋದ್ರು' ಅಂದ್ರು."

ಬಡಗಿ ಅವಳ ಕಡೆ ಬಗ್ಗಿದ. "ಅಷ್ಟೇ ಅಂದ್ಳಾ?"

"ಇನ್ನೊಂದು ಅಂದ್ರು, ನಾವೆಲ್ಲ ರೇಗಿಸಿದ್ವಿ ಆಮೇಲೆ. 'ಅದೇ ಒಳ್ಳೇದಾಯ್ತು ಬಿಡಿ' ಅಂದ್ರು. 'ಒಳಗೆ ಬಂದಿದ್ರೆ ನೀವೆಲ್ಲ ಅವರನ್ನ ಹಂಚ್ಕೊಂಡ್ಬಿಡ್ತಿದ್ರಿ. ನನಗೆ ಯಾರ ಜೊತೆಗೂ ಹಂಚ್ಕೊಳೋಕೆ ಇಷ್ಟ ಇಲ್ಲ' ಅಂತ." ಲೈಬ್ರರಿಯಮ್ಮ ಸೆರಗಿನಂಚಿನಿಂದ ಕಣ್ಣೊರೆಸಿಕೊಂಡಳು. "ಮೇಡಂಗೂ ಅಷ್ಟು ಹೊಟ್ಟೆಕಿಚ್ಚು ಅಂತ ನಾವು ಅಂದ್ಕೊಂಡೇ ಇರ್ಲಿಲ್ಲ."

ಅಷ್ಟು ಹೊತ್ತಿನಿಂದ ಸರದಿಗಾಗಿ ಕಾಯುತ್ತ ಕೂತಿದ್ದ ದುಃಖ ಆಗ ಎದ್ದು ಬಂತು. ಬಡಗಿ ಗೋಡೆಯ ಕಡೆ ತಿರುಗಿ, ತಾನೇ ಮಾಡಿದ ಕಪಾಟಿಗೆ ಹಣೆ ಒತ್ತಿ, ಸದ್ದಿಲ್ಲದೆ ಅತ್ತ. ಮಗಳು ಬಂದು ಬೆನ್ನ ಮೇಲೆ ಕೈಯಿಟ್ಟಳು. "ಅಳು ಅಪ್ಪಾ," ಎಂದಳು. "ಬೆಳಿಗ್ಗೆಯಿಂದ ಕಾಯ್ತಿದ್ದೆ ನಾನು."

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಹೊರುವವರು ಇಳಿದು, ಬಾಗಿಲು ಬಿಚ್ಚಿಟ್ಟಿದ್ದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಟದವರು ಎದ್ದು ದಾರಿ ಬಿಟ್ಟರು. ಜೋಡಿ ಮೇಷ್ಟ್ರು ಮಾತ್ರ ತನ್ನ ಕುರ್ಚಿಗೆ ಮರಳಿ ಬಂದು ಕೂತಿದ್ದ, ಕೊಡೆಯ ಹಿಡಿಯ ಮೇಲೆ ಗಲ್ಲ ಊರಿಕೊಂಡು.

"ಕಡೆಗೂ ಬರಲೇ ಇಲ್ಲ ನೋಡಿ ಮಹಾಶಯ," ಎಂದ ಬಡಗಿಯ ಕಡೆಗೆ. ಆ ದನಿಯಲ್ಲಿ ಬೇಸರ ಎಷ್ಟಿತ್ತೋ ಸಮಾಧಾನವೂ ಅಷ್ಟೇ ಇತ್ತು.

ಬಡಗಿ ಮುಖ ಒರೆಸಿಕೊಂಡ. ಹೇಳಿಬಿಡಬಹುದಿತ್ತು. ಇಡೀ ಕೋಣೆಯ ಮುಂದೆ, ಒಂದೇ ಮಾತು. ಹೆಂಡತಿಯ ಮುಖ ನೋಡಿದ. ಅವಳು ಇಷ್ಟು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡದ್ದನ್ನು ಇವತ್ತು ತಾನು ಬೀದಿಗೆ ಹಂಚುವುದೇ? ಅದರಲ್ಲೂ ಇವನಿಗೆ?

"ಬಂದಿದ್ರು," ಎಂದ.

ಜೋಡಿ ಮೇಷ್ಟ್ರ ಗಲ್ಲ ಕೊಡೆಯಿಂದ ಜಾರಿತು. "ಯಾವಾಗ? ಈಗ ಒಳಗೆ ಬರೋ ತನಕ ನಾನು ಗೇಟು ಬಿಟ್ಟು ಕದಲಿಲ್ವಲ್ಲ! ಎಲ್ಲಿ?"

"ಕಿಟಕಿ ತನಕ."

ಅವನು ದಡಬಡಿಸಿ ಎದ್ದ. ಎದ್ದ ರಭಸಕ್ಕೆ ಕಾಲಡಿಯ ಕಾಗದ ಸಿಡಿದು ಮಂಚದ ಕೆಳಗೆ ಹೋಯಿತು. ಕಿಟಕಿಗೆ ಓಡಿ, ಎರಡೂ ಕೈಯಲ್ಲಿ ಸರಳು ಹಿಡಿದು, ಕತ್ತು ಚಾಚಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡತೊಡಗಿದ. ಅವನ ಹಿಂದೆ ಖಾಲಿ ಕುರ್ಚಿ ಟಕ್ಕು ಟಕ್ಕೆಂದು ಓಲಾಡುತ್ತಿತ್ತು.

"ಒಂದು ನಿಮಿಷ," ಎಂದ ಬಡಗಿ, ಹೊರಲು ಬಂದವರಿಗೆ.

ಹೋಗಿ ಎರಡನೇ ಕುರ್ಚಿಯಲ್ಲಿ ಕೂತ. ಬೆನ್ನನ್ನು ಬೆತ್ತಕ್ಕೆ ಆನಿಸಿ, ಮೈಭಾರವನ್ನು ಚೂರೇ ಚೂರು ಬಲಕ್ಕೆ, ಅವಳ ಕಡೆಗೆ ಬಿಟ್ಟ. ಕುರ್ಚಿ ಅಲುಗಲಿಲ್ಲ.